ವಾಹನ ಒಂದು

ಗೃಹಸ್ಥನಿಗೆ ಧರ್ಮಸಂಕಟವೆಂಬುದು ಮಹತ್ತರವಾದ ಸಂದರ್ಭಗಳಲ್ಲಿಯೇ ಒದಗುತ್ತದೆಂದು ನಾವು ಭಾವಿಸಿರುತ್ತೇವೆ. ಪುರಾಣಕಥೆಗಳನ್ನು ಕೇಳುತ್ತ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜವೇ. ರಾಜ್ಯತ್ಯಾಗ, ದೀಕ್ಷೆ, ಸಲ್ಲೇಖನಗಳ ಎದುರಿಗೆ ಒಂದು ಮೋಟಾರು ಗಾಡಿಯನ್ನು ಕೊಳ್ಳಬೇಕೇ, ಬಿಡಬೇಕೇ ಎಂಬ ಪ್ರಶ್ನೆ ಕ್ಷುಲ್ಲಕವಾಗಿ ಕಾಣುತ್ತದೆ. ಆದರೂ ೨೦೨೫ರ ಹತ್ತಿಯ ಹಂಗಾಮಿನಲ್ಲಿ ನಮ್ಮ ಮನೆಯಲ್ಲಿ ಈ ಕ್ಷುಲ್ಲಕ ಪ್ರಶ್ನೆಯೇ ಮೂರು ವಾರಗಳ ಕಾಲ ಸಂಜೆಯ ಊಟದ ಹೊತ್ತಿನ ಮಾತಾಗಿ, ಎಷ್ಟೋ ದಿನ ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮಕ್ಕೂ ಭಂಗ ತರುವ ಹಂತಕ್ಕೆ ಬಂದಿತ್ತು. ಆ ಚರ್ಚೆಯಲ್ಲಿ ನಾನು ಗೆದ್ದೆನೆಂದು ಹೇಳಿಕೊಳ್ಳಲು ಈ ಲೇಖನ ಬರೆಯುತ್ತಿಲ್ಲ. ಗೆದ್ದೆನೆಂಬ ವಿಶ್ವಾಸವೂ ನನಗಿಲ್ಲ.

ಸಂಗತಿ ಇಷ್ಟು. ನಮ್ಮದು ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಹಿಂದಿನಿಂದ ಬಂದ ಅಡತಿ ವ್ಯಾಪಾರ. ಹಂಗಾಮಿನ ದಿನಗಳಲ್ಲಿ ವಾರಕ್ಕೆ ಎರಡು ಮೂರು ಸಲ ಮಾನ್ವಿಗೂ ದೇವದುರ್ಗಕ್ಕೂ ಓಡಾಟವಿರುತ್ತದೆ. ಒಂದೊಂದೂ ಸುಮಾರು ಐವತ್ತು ಕಿಲೋಮೀಟರ್ ದೂರ. ಇದರ ಮೇಲೆ ವೃದ್ಧೆಯಾದ ನಮ್ಮ ತಾಯಿಯವರನ್ನು ತಿಂಗಳಿಗೊಮ್ಮೆ ಚಿಕಿತ್ಸೆಗಾಗಿ ಹೈದರಾಬಾದಿಗೆ ಕರೆದೊಯ್ಯಬೇಕು. ಮನೆಯಲ್ಲಿರುವುದು ೨೦೧೦ರ ಡೀಸೆಲ್ ಇನ್ನೋವಾ. ಅದರ ನೋಂದಣಿಗೆ ಹದಿನೈದು ವರ್ಷ ತುಂಬಿ ನವೀಕರಣದ ಕಾಲ ಬಂದಿತ್ತು. ತಂಪು ಯಂತ್ರ ಕೆಟ್ಟಿತ್ತು. ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಒಂದು ಗಾಡಿಯನ್ನು ಗೊತ್ತುಮಾಡಿದ. ಜಪಾನಿನ ಟೊಯೋಟಾ ಸಂಸ್ಥೆಯ ಐಷಾರಾಮಿ ವಿಭಾಗವಾದ ಲೆಕ್ಸಸ್ ೨೦೧೭ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಅದರ ಎನ್‌ಎಕ್ಸ್ ೩೦೦ಎಚ್ ಎಂಬ ಚಿಕ್ಕ ಅಳತೆಯ ಗಾಡಿ ೨೦೧೮ರಿಂದ ಇಲ್ಲಿ ಮಾರಾಟವಾಯಿತು. ಚಿಕ್ಕ ಅಳತೆ ಎಂಬುದು ಐಷಾರಾಮಿ ಗಾಡಿಗಳ ಲೋಕದ ಮಾತು. ಗಂಜಿನ ಗೇಟಿನಲ್ಲಿ ಅದನ್ನು ಯಾರೂ ಚಿಕ್ಕದೆನ್ನಲಾರರು. ಹೊಸದಾಗಿದ್ದಾಗ ಐವತ್ತು ಲಕ್ಷ ರೂಪಾಯಿಗೂ ಮೇಲಿದ್ದ ಈ ಗಾಡಿ ಏಳು ವರ್ಷ ಓಡಿದ ಮೇಲೆ ಹೈದರಾಬಾದಿನಲ್ಲಿ ಮಧ್ಯವರ್ತಿಯೊಬ್ಬರ ಮೂಲಕ ೩೨ ಲಕ್ಷಕ್ಕೆ ದೊರೆಯುತ್ತಿತ್ತು. ಅದು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಮಿಶ್ರ ಗಾಡಿ. “ಅಪ್ಪಾ, ಹಳೇದು, ಅರ್ಧಕ್ಕ ಹತ್ತಿರ ರೇಟಿಗೆ ಬರ್ತದ. ಹೊಗೀನೂ ಕಡಿಮಿ. ಹಿಂಸಾನೂ ಕಡಿಮಿ ಆಗ್ತದಲ್ಲ?” ಎಂಬುದು ಮಗನ ವಾದ. ವಾದದ ಕೊನೆಯ ಮಾತನ್ನು ಅವನು ನನಗಾಗಿಯೇ ಸೇರಿಸಿದ್ದ. ತಂದೆಯನ್ನು ಒಪ್ಪಿಸುವ ಬಗೆ ಮಕ್ಕಳಿಗೆ ಚೆನ್ನಾಗಿ ತಿಳಿದಿರುತ್ತದೆ.

ವಿಚಾರಕ್ಕೆ ಮುನ್ನ ವಸ್ತುವಿನ ಸ್ವರೂಪ ತಿಳಿಯಬೇಕು. ಮಿಶ್ರ ಗಾಡಿಯ ವಿಷಯದಲ್ಲಿ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದು ಅರ್ಧ ಪೆಟ್ರೋಲಿನಿಂದಲೂ ಅರ್ಧ ವಿದ್ಯುತ್ತಿನಿಂದಲೂ ಓಡುತ್ತದೆಂದು ಅನೇಕರು ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಈ ಬಗೆಯ ಗಾಡಿಗೆ ಹೊರಗಿನಿಂದ ವಿದ್ಯುತ್ ತುಂಬುವ ವ್ಯವಸ್ಥೆಯೇ ಇಲ್ಲ. ಅದರ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು ಒಂದೂವರೆ ಯೂನಿಟ್ ಮಾತ್ರ. ಆ ವಿದ್ಯುತ್ತೆಲ್ಲವೂ ಮೂಲತಃ ಪೆಟ್ರೋಲಿನಿಂದಲೇ ಹುಟ್ಟಿದ್ದು. ಸಾಮಾನ್ಯ ಗಾಡಿಯಲ್ಲಿ ಬ್ರೇಕು ಒತ್ತಿದಾಗ ವೇಗವು ಬಿಸಿಯಾಗಿ ವ್ಯರ್ಥವಾಗುತ್ತದೆ; ಇಲ್ಲಿ ಅದರ ಒಂದು ಭಾಗ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ, ಮತ್ತೆ ಹೊರಡುವಾಗ ಮೋಟಾರಿಗೆ ಒದಗುತ್ತದೆ. ೧೯೯೭ರಲ್ಲಿ ಜಪಾನಿನಲ್ಲಿ ಪ್ರಿಯಸ್ ಎಂಬ ಗಾಡಿಯೊಂದಿಗೆ ವ್ಯಾಪಕವಾದ ಈ ಉಪಾಯ ಬುದ್ಧಿವಂತಿಕೆಯದೇ ಸರಿ. ಆದರೆ ನಿಂತು ನಿಂತು ಹೊರಡುವ ಮಹಾನಗರಗಳ ರಸ್ತೆಯಲ್ಲಿ ಅದರ ಲಾಭ ಹೆಚ್ಚು. ಒಂದೇ ವೇಗದಲ್ಲಿ ಓಡುವ ಬಯಲು ದಾರಿಯಲ್ಲಿ ಕಡಿಮೆ. ಕಲ್ಮಲಾ ದಾಟಿದ ಮೇಲೆ ಗಬ್ಬೂರಿನವರೆಗೆ ಕಪ್ಪು ನೆಲದ ನಡುವೆ ಎಷ್ಟು ಸಲ ಬ್ರೇಕು ಒತ್ತುತ್ತೇವೆ? ಕುರಿಮಂದೆ ಅಡ್ಡ ಬಂದಾಗ ಒಮ್ಮೆ, ರಸ್ತೆಯ ಮೇಲೆ ಒಕ್ಕಲು ಹರಡಿದ್ದಾಗ ಒಮ್ಮೆ. ಬೆಂಗಳೂರಿನ ಮಗನ ಅನುಭವದಲ್ಲಿ ನಿಜವಾದದ್ದು ರಾಯಚೂರಿನ ತಂದೆಯ ಓಡಾಟದಲ್ಲಿ ಅಷ್ಟೇ ನಿಜವಾಗಬೇಕೆಂದಿಲ್ಲ.

ನಾನು ಒಂದು ಲೆಕ್ಕ ಹಾಕಿದೆ. ವರ್ಷಕ್ಕೆ ನಮ್ಮ ಓಡಾಟ ೧೫,೦೦೦ ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಈಗಿನ ಇನ್ನೋವಾ ಲೀಟರಿಗೆ ೧೨ ಕಿಲೋಮೀಟರ್ ಕೊಟ್ಟರೆ ೧,೨೫೦ ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು ೨.೭ ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಪೆಟ್ರೋಲಾದರೆ ೨.೩ ಕಿಲೋ. ಅಂತೂ ಇನ್ನೋವಾದಿಂದ ವರ್ಷಕ್ಕೆ ಮೂರು ಟನ್ನಿಗೂ ಮೇಲೆ. ಮಿಶ್ರ ಗಾಡಿ ನಮ್ಮ ದಾರಿಗಳಲ್ಲಿ ಲೀಟರಿಗೆ ೧೫ ಕೊಟ್ಟರೆ ೧,೦೦೦ ಲೀಟರ್, ೨.೩ ಟನ್. ಮಗ ಈ ಎರಡು ಅಂಕಿಗಳನ್ನು ನೋಡಿ ಸಂತೋಷಪಟ್ಟ. ಆಗ ನಾನು ಮೂರನೆಯ ಸಾಲು ಬರೆದೆ: ಲೀಟರಿಗೆ ೨೦ ಕೊಡುವ ಸಾಧಾರಣ ಚಿಕ್ಕ ಪೆಟ್ರೋಲ್ ಗಾಡಿ, ೭೫೦ ಲೀಟರ್, ಸುಮಾರು ೧.೭ ಟನ್. ಬೆಲೆ ಹಳೆಯ ಲೆಕ್ಸಸ್ಸಿನ ಕಾಲುಭಾಗ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರಾಗ ಅಜ್ಜಿ ಹೈದರಾಬಾದಿನ ತನಕ ಹೆಂಗ ಕೂಡ್ತಾರ?” ಎಂದ. ಅದೂ ಸುಳ್ಳಲ್ಲ. ಆದರೆ ಅಲ್ಲಿಯತನಕ ಹೊಗೆಯ ಮಾತಾಡುತ್ತಿದ್ದವರು ಆ ಕ್ಷಣದಿಂದ ಆಸನದ ಮಾತಿಗೆ ಬಂದೆವು. ಯಾವುದರೊಂದಿಗೆ ಹೋಲಿಸುತ್ತೇವೆ ಎಂಬ ಆಯ್ಕೆಯಲ್ಲಿಯೇ ಆಸೆ ಮೊದಲು ಬಂದು ಕುಳಿತಿರುತ್ತದೆ. ಲೆಕ್ಕ ಆಮೇಲೆ ಬರುತ್ತದೆ.

ಪೂರ್ತಿ ವಿದ್ಯುತ್ ಗಾಡಿಯನ್ನೇ ಕೊಳ್ಳಬಾರದೇಕೆ ಎಂದು ಅಂಗಡಿಯ ಗುಮಾಸ್ತರು ಕೇಳಿದರು. ೧೯೮೫ರಿಂದ ಶಕ್ತಿನಗರದ ಕೊಳವೆಗಳ ಹೊಗೆಯನ್ನು ನೋಡುತ್ತ ಬಂದವರು ನಾವು. ಎಂಟು ಘಟಕಗಳಿಂದ ೧,೭೨೦ ಮೆಗಾವಾಟ್, ಎಲ್ಲವೂ ಕಲ್ಲಿದ್ದಲಿನಿಂದ; ಯರಮರಸಿನದು ಬೇರೆ. ನಾಡಿನ ವಿದ್ಯುತ್ತಿನಲ್ಲಿ ಬಿಸಿಲು, ಗಾಳಿ, ನೀರುಗಳ ಪಾಲು ಸಾಕಷ್ಟಿದೆಯೆಂಬುದು ನಿಜವೇ ಆದುದರಿಂದ ಆ ದಾರಿಯನ್ನು ನಾನು ತಳ್ಳಿಹಾಕಲಿಲ್ಲ. ಆದರೆ ಮನೆಯ ಮುಂದೆ ಇದ್ದ ಪ್ರಶ್ನೆ ಅದಾಗಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ತಂದೆಯವರು ೧೯೭೪ರಲ್ಲಿ, ಭಗವಾನ್ ಮಹಾವೀರರ ೨೫೦೦ನೆಯ ನಿರ್ವಾಣೋತ್ಸವದ ವರ್ಷ, ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದರು. ಲೆಕ್ಕದ ಕೆಂಪು ವಹಿಯ ಮೊದಲ ಪುಟದಲ್ಲಿ ಅದನ್ನು ಬರೆದಿಟ್ಟಿದ್ದರು. ಹೊಲ ಹದಿನೆಂಟು ಎಕರೆ, ಮನೆ ಎರಡು, ಅಂಗಡಿ ಒಂದು, ಬಂಗಾರ ಅರವತ್ತು ತೊಲೆ, ದನ ಆರು, ವಾಹನ ಒಂದು. ಆಗ ವಾಹನವೆಂದರೆ ಸವಾರಿ ಬಂಡಿ. ಮುಂದೆ ಬಂಡಿ ಹೋಗಿ ಜೀಪು ಬಂದಾಗಲೂ, ಜೀಪು ಹೋಗಿ ಅಂಬಾಸಡರ್ ಬಂದಾಗಲೂ ಒಂದು ಎಂಬ ಅಂಕಿ ಒಂದಾಗಿಯೇ ಉಳಿಯಿತು. ತಂದೆಯವರು ಕೊನೆಯವರೆಗೂ ಅದನ್ನು ಮೀರಲಿಲ್ಲ.

ಆ ವಹಿಯನ್ನು ತೆಗೆದು ನೋಡಿದಾಗ ನನಗೆ ಕಳವಳವಾಯಿತು. ಏಕೆಂದರೆ ತಂದೆಯವರ ಅಕ್ಷರದ ಪ್ರಕಾರ ಲೆಕ್ಸಸ್ ನಿಷಿದ್ಧವಲ್ಲ! ಇನ್ನೋವಾ ಮಾರಿದರೆ ವಾಹನ ಒಂದೇ. ಸವಾರಿ ಬಂಡಿಯೂ ಒಂದು, ಮೂವತ್ತೆರಡು ಲಕ್ಷದ ಗಾಡಿಯೂ ಒಂದು. ನಾನು ೨೦೦೯ರ ದಶಲಕ್ಷಣ ಪರ್ವದಲ್ಲಿ ವ್ರತ ಸ್ವೀಕರಿಸಿದಾಗ ಈ ತೊಡಕನ್ನು ಮುಂಗಂಡವನಂತೆ ವಸ್ತುಗಳನ್ನು ಎಣಿಸದೆ ಒಟ್ಟು ಆಸ್ತಿ ಐವತ್ತು ಲಕ್ಷ ಎಂದು ರೂಪಾಯಿಯಲ್ಲಿ ಬರೆದಿದ್ದೆ. ಇಂದು ನಾವು ವಾಸಿಸುವ ಮನೆಯ ನಿವೇಶನದ ಬೆಲೆಯೇ ಅದನ್ನು ದಾಟಿದೆ. ಹೊಸದಾಗಿ ಏನನ್ನೂ ಕೊಳ್ಳದೆ ಸುಮ್ಮನೆ ಕುಳಿತಿದ್ದವನ ವ್ರತ ಬೆಲೆ ಏರಿದ್ದರಿಂದ ಭಂಗವಾಯಿತೇ? ಪೂಜ್ಯರೊಬ್ಬರಲ್ಲಿ ವಿಚಾರಿಸಿದಾಗ ಅವರು ನಕ್ಕು, ಬರೆದ ದಿನದ ಭಾವ ಏನಿತ್ತೆಂದು ನೋಡಿಕೊ ಎಂದರು. ಭಾವ ಏನಿತ್ತೆಂದು ಹದಿನಾರು ವರ್ಷದ ಮೇಲೆ ಪ್ರಾಮಾಣಿಕವಾಗಿ ಹೇಳುವುದು ಸುಲಭವಲ್ಲ. ಐವತ್ತು ಲಕ್ಷವೆಂದು ಬರೆದಾಗ ಅದು ನನಗೆ ಎಂದೂ ತಲುಪಲಾರದ ದೊಡ್ಡ ಮೊತ್ತವಾಗಿ ಕಂಡಿತ್ತೆಂಬುದು ಮಾತ್ರ ನೆನಪಿದೆ. ಅಂದರೆ ಮಿತಿಯನ್ನು ನನ್ನ ಕೈಗೆ ನಿಲುಕದಷ್ಟು ಎತ್ತರದಲ್ಲಿ ಕಟ್ಟಿ ಅದಕ್ಕೆ ಮಿತಿಯೆಂದು ಹೆಸರಿಟ್ಟಿದ್ದೆ.

ಎಣಿಕೆಯ ಮಿತಿ ವಸ್ತು ದೊಡ್ಡದಾಗುವುದನ್ನು ತಡೆಯಲಿಲ್ಲ; ರೂಪಾಯಿಯ ಮಿತಿ ರೂಪಾಯಿ ಸಣ್ಣದಾಗುವುದನ್ನು ತಡೆಯಲಿಲ್ಲ. ಆದರೂ ಎರಡರಲ್ಲಿ ತಂದೆಯವರದೇ ಮೇಲೆಂದು ನನಗೆ ಕಾಣುತ್ತದೆ. ಅವರು ಬರೆದಾಗ ಎರಡನೆಯ ಬಂಡಿ ಕೊಳ್ಳುವ ಶಕ್ತಿ ಅವರಿಗಿತ್ತು, ಅಗತ್ಯವೂ ಇತ್ತು. ಆಸೆ ನಿಜವಾಗಿ ನಿಂತಿದ್ದ ಜಾಗದಲ್ಲಿ ಅವರು ಗೆರೆ ಎಳೆದರು. ನಾನು ಆಸೆ ಇನ್ನೂ ಬಾರದ ಜಾಗದಲ್ಲಿ ಎಳೆದೆ. ಪದಾರ್ಥವನ್ನು ಕಂಡ ಮೇಲೆ ಎಳೆಯುವ ಗೆರೆಯಂತೂ ಯಾವಾಗಲೂ ಪದಾರ್ಥದ ಆಚೆಗೇ ಬೀಳುತ್ತದೆ. ಗಾಡಿಯ ಚಿತ್ರವನ್ನು ಮಗ ದೂರವಾಣಿಯಲ್ಲಿ ತೋರಿಸುವ ಮುಂಚೆ ಹೊಸ ಗಾಡಿಗೆ ಎಷ್ಟು ಖರ್ಚು ಮಾಡಬಹುದೆಂದು ಯಾರಾದರೂ ಕೇಳಿದ್ದರೆ ಎಂಟು ಹತ್ತು ಲಕ್ಷವೆನ್ನುತ್ತಿದ್ದೆ. ತೋರಿಸಿದ ಮೇಲೆ ಮೂವತ್ತೆರಡು ಅಗ್ಗವಾಗಿ ಕಂಡಿತು, ಐವತ್ತಕ್ಕೂ ಮೇಲಿದ್ದುದಲ್ಲವೇ ಎಂಬ ಕಾರಣಕ್ಕೆ. ಹಳೆಯದು ಎಂಬ ಮಾತು ಬೆಲೆಯನ್ನು ಇಳಿಸಿತು, ಮಿಶ್ರ ಎಂಬ ಮಾತು ಹೊಗೆಯನ್ನು ಇಳಿಸಿತು. ಇಳಿದ ಎರಡನ್ನೂ ಕೂಡಿಸಿ ನನ್ನ ಮನಸ್ಸು ಇಪ್ಪತ್ತೆರಡು ಲಕ್ಷ ಮೇಲಕ್ಕೆ ಏರಿತು.

ಇನ್ನು ಆಸನಗಳ ವಿಷಯ. ನಾವು ನೋಡಿದ ಗಾಡಿಯ ಆಸನಗಳು ಚರ್ಮದವು. ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟು, ಪಾಕೀಟುಗಳನ್ನು ತೆಗೆದಿಟ್ಟು ಒಳಹೋಗುವ ನಾವು ದರ್ಶನ ಮುಗಿಸಿ ಬಂದು ಚರ್ಮದ ಮೇಲೆಯೇ ಕುಳಿತು ಮನೆಗೆ ಹೋಗುವುದೆಂದರೆ ಏನೆಂದು ನನ್ನ ಹೆಂಡತಿ ಕೇಳಿದಳು. ಮಗನ ಉತ್ತರ ತರ್ಕಬದ್ಧವಾಗಿತ್ತು. ಏಳು ವರ್ಷದ ಹಿಂದೆಯೇ ಆದದ್ದು. ನಾವು ಮಾಡಿದ್ದಲ್ಲ, ಮಾಡಿಸಿದ್ದಲ್ಲ. ಹಳೆಯದನ್ನು ಕೊಳ್ಳುವುದರಿಂದ ಹೊಸದಾಗಿ ಒಂದು ಪ್ರಾಣಿಯೂ ಸಾಯುವುದಿಲ್ಲ. ಕೃತ, ಕಾರಿತ ಎರಡೂ ಇಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಉಳಿದದ್ದು ಅನುಮೋದನೆ. ಇಲ್ಲಿ ನಮ್ಮವರು ಕೆಲವರು ಅಮೃತಚಂದ್ರ ಸೂರಿಗಳನ್ನು ಉದಾಹರಿಸುವುದುಂಟು: ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲಿಯೂ ಹಿಂಸೆ ತಪ್ಪದೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿದೆ, ಆದುದರಿಂದ ಇದೂ ಹಾಗೆಯೇ ಎಂದು. ಈ ವಾದವನ್ನು ನಾನು ಒಪ್ಪಲಾರೆ. ಆಚಾರ್ಯರು ಅಲ್ಲಿ ಕೊಡುವ ಕಾರಣ ಮಾಂಸವನ್ನಾಶ್ರಯಿಸಿ ಹುಟ್ಟುವ ಸೂಕ್ಷ್ಮ ಜೀವಿಗಳದು. ಹದ ಮಾಡಿ ಒಣಗಿಸಿದ ಚರ್ಮಕ್ಕೆ ಅದನ್ನು ಎಳೆದು ತರುವುದು ಶಾಸ್ತ್ರಕ್ಕೆ ಮಾಡುವ ಉಪಕಾರವಲ್ಲ. ನಮಗೆ ಬೇಡವಾದದ್ದಕ್ಕೆ ಶಾಸ್ತ್ರವನ್ನು ಹಿಗ್ಗಿಸುವ, ಬೇಕಾದದ್ದಕ್ಕೆ ಕುಗ್ಗಿಸುವ ರೂಢಿ ನಮ್ಮಲ್ಲಿ ಬೆಳೆದಿದೆ.

ಅನುಮೋದನೆಯ ಪ್ರಶ್ನೆ ಹೀಗೆ ಬಗೆಹರಿಯುತ್ತದೆಂದು ನನಗೆ ತೋರಿತು. ಆ ಆಸನಗಳು ಗಾಡಿಗೆ ಅನಿವಾರ್ಯವಾಗಿ ಅಂಟಿಕೊಂಡು ಬಂದು, ನಾವು ಅದನ್ನು ಸಹಿಸಿಕೊಂಡು ಮೇಲೆ ಬಟ್ಟೆ ಹೊದಿಸುವವರಾಗಿದ್ದರೆ ಅದು ಒಂದು. ಆ ಆಸನಗಳ ನುಣುಪೇ ನಮ್ಮನ್ನು ಆ ಗಾಡಿಯತ್ತ ಸೆಳೆದಿದ್ದರೆ ಅದು ಬೇರೆ. ಹೈದರಾಬಾದಿನಲ್ಲಿ ಗಾಡಿಯ ಬಾಗಿಲು ತೆರೆದು ಕುಳಿತಾಗ ನಾನು ಮಾಡಿದ ಮೊದಲ ಕೆಲಸ ಆಸನದ ಮೇಲೆ ಕೈಯಾಡಿಸಿದ್ದು. ಹೆಂಡತಿ ಅದನ್ನು ನೋಡಿದಳು. ಅವಳು ಮುಂದೆ ಆ ವಿಷಯ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

ಹಳೆಯ ಗಾಡಿಯ ವ್ಯಾಪಾರವೆಂಬುದು ಅಚೌರ್ಯಾಣುವ್ರತದ ಅತಿಚಾರಗಳಿಗೆ ಬರೆದ ವ್ಯಾಖ್ಯಾನದಂತಿದೆ. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಐದು ಹೆಸರುಗಳು ನನಗೆ ನಿಜವಾಗಿ ಅರ್ಥವಾದದ್ದು ಆ ಮಧ್ಯವರ್ತಿಯ ಅಂಗಳದಲ್ಲಿ. ಕದ್ದ ಮಾಲನ್ನು ಕೊಳ್ಳುವುದು ತದಾಹೃತಾದಾನ. ಸಾಲ ತೀರದ ಗಾಡಿಯನ್ನು ಬ್ಯಾಂಕಿನ ಕಣ್ಣು ತಪ್ಪಿಸಿ ಮಾರುವುದೂ ಅದರ ಸಮೀಪವೇ. ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಹೀನಾಧಿಕಮಾನೋನ್ಮಾನ. ನಾವು ತಕ್ಕಡಿಯನ್ನಷ್ಟೇ ನೆನೆಯುತ್ತೇವೆ; ಗಾಡಿ ಓಡಿದ ದೂರವನ್ನು ತೋರಿಸುವ ಮಾಪಕವನ್ನು ಹಿಂದಕ್ಕೆ ತಿರುಗಿಸುವುದು ಅದಲ್ಲದೆ ಮತ್ತೇನು? ಹಳೆಯ ಬ್ಯಾಟರಿಯ ಕೆಲವು ಕೋಶಗಳನ್ನು ಬದಲಿಸಿ ಹೊಸದೆಂದು ಹೇಳುವುದು ಪ್ರತಿರೂಪಕ ವ್ಯವಹಾರ. ಮಿಶ್ರ ಗಾಡಿಯಲ್ಲಿ ಇದು ಮುಖ್ಯ. ಅದರ ಬ್ಯಾಟರಿ ಹಿಂದಿನ ಆಸನದ ಕೆಳಗಿದ್ದು, ಒಂದು ಜಾಲರಿಯ ಮೂಲಕ ಒಳಗಿನ ಗಾಳಿಯನ್ನೇ ಎಳೆದುಕೊಂಡು ತಂಪಾಗುತ್ತದೆ. ಜಾಲರಿಯಲ್ಲಿ ಧೂಳು ಕಟ್ಟಿದರೆ ಬ್ಯಾಟರಿಯ ಆಯುಷ್ಯ ತಗ್ಗುತ್ತದೆ. ಹಂಗಾಮಿನಲ್ಲಿ ನಮ್ಮ ಮೈಮೇಲೆ, ಮುಂಡಾಸಿನ ಮೇಲೆ, ಕೊನೆಗೆ ಊಟದ ತಾಟಿನಲ್ಲೂ ಅರಳೆಯ ಎಳೆಗಳಿರುತ್ತವೆ. ಆ ಜಾಲರಿ ನಮ್ಮ ಮನೆಯಲ್ಲಿ ಎಷ್ಟು ದಿನ ತೆರೆದಿದ್ದೀತು? ಕೆಟ್ಟರೆ ರಾಯಚೂರಿನಲ್ಲಿ ನೋಡುವವರಿಲ್ಲ. ಇನ್ನೂರು ಕಿಲೋಮೀಟರ್ ದೂರದ ಹೈದರಾಬಾದಿಗೋ, ನಾನೂರು ದೂರದ ಬೆಂಗಳೂರಿಗೋ ಒಯ್ಯಬೇಕು.

ಐದರಲ್ಲಿ ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆಗಳನ್ನು ಮೀರುವುದು, ನನ್ನನ್ನೇ ಪರೀಕ್ಷಿಸಿತು. ಗಾಡಿ ತೆಲಂಗಾಣದಲ್ಲಿ ನೋಂದಣಿಯಾದದ್ದು. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇಲ್ಲಿಯ ನೋಂದಣಿ ಮಾಡಿಸಬೇಕು. ತೆರಿಗೆ ಕಟ್ಟಿ ಕೆಎ ೩೬ರ ಫಲಕ ಹಾಕಿಸಬೇಕು. ತೆರಿಗೆ ಲಕ್ಷಗಳಲ್ಲಿ ಬರುತ್ತಿತ್ತು. “ನಿಮ್ಮದು ಬಾರ್ಡರ್ ಊರಲ್ರೀ ಸೇಠ್‌ಜಿ, ಶಕ್ತಿನಗರದ ಬ್ರಿಜ್ ದಾಟಿದ್ರ ತೆಲಂಗಾಣಾನ. ಯಾರು ಕೇಳ್ತಾರ?” ಎಂದರು ಮಧ್ಯವರ್ತಿ. ಹಣದ ಒಂದಷ್ಟು ಭಾಗವನ್ನು ನಗದಾಗಿ ಕೊಟ್ಟರೆ ದರವನ್ನು ಇನ್ನೂ ಇಳಿಸುವುದಾಗಿಯೂ ಹೇಳಿದರು. ಎರಡು ಲಕ್ಷ ಹಾಗೂ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ೨೦೧೭ರಲ್ಲಿಯೇ ಕಾನೂನು ನಿಷೇಧಿಸಿತು. ಇದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಒಪ್ಪಲಿಲ್ಲ. ಆದರೆ ಒಪ್ಪದೆ ಎದ್ದು ಬರಲೂ ಇಲ್ಲ. ಚಹಾ ಕುಡಿಯುತ್ತ ಇನ್ನೂ ಅರ್ಧ ಗಂಟೆ ಅಲ್ಲಿಯೇ ಕುಳಿತು ತೆರಿಗೆ ಎಷ್ಟಾದೀತೆಂದು ಮತ್ತೆ ಮತ್ತೆ ಲೆಕ್ಕ ಕೇಳಿದೆ. ಹಾಗೆ ಕುಳಿತದ್ದು ಏತಕ್ಕೆಂದು ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ.

ವಾಹನದ ವಿಷಯದಲ್ಲಿ ಸಮಂತಭದ್ರಾಚಾರ್ಯರು ನಮಗೆ ಬಹಳ ಹತ್ತಿರದ ಮಾತಾಡಿದ್ದಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಅವರು ಮೊಟ್ಟಮೊದಲು ಹೆಸರಿಸುವುದು ಅತಿವಾಹನವನ್ನು. ಲೋಭದಿಂದ ಎತ್ತು ಮುಂತಾದವುಗಳನ್ನು ಅವು ಸುಖವಾಗಿ ನಡೆಯಬಲ್ಲಷ್ಟು ದೂರಕ್ಕಿಂತ ಹೆಚ್ಚು ನಡೆಸುವುದು ಎಂದು ಅದರ ಅರ್ಥ. ಭೋಗೋಪಭೋಗಗಳಿಗೆ ಕಾಲದ ಮಿತಿ ಹಾಕಿಕೊಳ್ಳುವಲ್ಲಿಯೂ ಆಹಾರದ ಜೊತೆಗೆ ವಾಹನವನ್ನು ಎಣಿಸಿದ್ದಾರೆ. ಇಷ್ಟು ಶತಮಾನಗಳ ಹಿಂದೆ ಗೃಹಸ್ಥನ ಆಸೆ ಎಲ್ಲಿ ಏರಿ ಕುಳಿತುಕೊಳ್ಳುತ್ತದೆಂದು ಅವರಿಗೆ ತಿಳಿದಿತ್ತು. ಈ ಮಾತನ್ನು ಓದಿ ಹೇಳಿದಾಗ ತಾಯಿಯವರು, “ನಿಮ್ಮಪ್ಪ ಮುಂಜಾನೆ ದೇವದುರ್ಗಕ್ಕ ಹೊಂಟವ್ರು ಎತ್ತು ದಣಿದಾವು ಅಂತ ಗಬ್ಬೂರಾಗ ಇಳದು, ಮರುದಿನ ಹೋಗಿದ್ದೂ ಅದ” ಎಂದು ನೆನೆದರು. ಯಂತ್ರಕ್ಕೆ ದಣಿವಿಲ್ಲ, ಆದುದರಿಂದ ಈಗ ಅತಿವಾಹನವೆಂಬುದು ಇಲ್ಲವಾಯಿತೆಂದು ತಿಳಿಯುವಂತಿಲ್ಲ. ಎತ್ತಿನ ಜಾಗದಲ್ಲಿ ಈಗ ಚಾಲಕನಿದ್ದಾನೆ. ಬೆಳಗ್ಗೆ ನಾಲ್ಕಕ್ಕೆ ಹೊರಟು ಹೈದರಾಬಾದಿನ ಆಸ್ಪತ್ರೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮರಳಿ, ಮರುದಿನ ಎಂಟಕ್ಕೆ ಮಾನ್ವಿಗೆ ಗಾಡಿ ತಿರುಗಿಸಿದ ನಮ್ಮ ಚಾಲಕ ಎಷ್ಟೋ ಸಲ ದಣಿದಿದ್ದಾನೆ. ಗಾಡಿ ಹೆಚ್ಚು ಸುಖದ್ದಾದಷ್ಟೂ ಹಿಂದೆ ಕುಳಿತವನಿಗೆ ದೂರ ತಿಳಿಯುವುದಿಲ್ಲ, ದೂರ ತಿಳಿಯದವನು ಇನ್ನೊಂದು ಊರಿಗೂ ಹೋಗಿ ಬರೋಣವೆನ್ನುತ್ತಾನೆ. ಇದಕ್ಕೆ ನಾನೇ ಸಾಕ್ಷಿ.

ಪ್ರಯಾಣ ಏತಕ್ಕೆಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಹಳೆಯ ನೆನಪೊಂದಿದೆ. ಅಶೋಕನೆಂಬ ಹೆಸರನ್ನೇ ಹೇಳುವ ಶಾಸನ ೧೯೧೫ರಲ್ಲಿ ಮಸ್ಕಿಯಲ್ಲಿ ಸಿಕ್ಕಿತಷ್ಟೆ. ಆ ಅರಸನೇ ಬೇರೊಂದು ಶಾಸನದಲ್ಲಿ, ಹಿಂದಿನ ಅರಸರು ಬೇಟೆ ವಿನೋದಗಳ ವಿಹಾರಯಾತ್ರೆಗೆ ಹೋಗುತ್ತಿದ್ದರೆಂದೂ ತಾನು ಅದರ ಬದಲು ಧರ್ಮಯಾತ್ರೆ ಕೈಗೊಂಡೆನೆಂದೂ ಹೇಳಿಕೊಂಡಿದ್ದಾನೆ. ಅವನು ಯಾತ್ರೆಯನ್ನು ಬಿಡಲಿಲ್ಲ, ಯಾತ್ರೆಯ ಉದ್ದೇಶವನ್ನು ಬದಲಿಸಿದ. ನಮ್ಮ ಮುನಿಗಳಂತೂ ಕಾಲ್ನಡಿಗೆಯಲ್ಲಿಯೇ ವಿಹಾರ ಮಾಡಿ, ಮಳೆಗಾಲದ ನಾಲ್ಕು ತಿಂಗಳು ಅದನ್ನೂ ನಿಲ್ಲಿಸುತ್ತಾರೆ. ಗೃಹಸ್ಥನಿಗೆ ಅದು ಸಾಧ್ಯವಲ್ಲ, ಆದರೆ ಅದೇ ನಾಲ್ಕು ತಿಂಗಳು ರಾತ್ರಿಯ ಹೊತ್ತು ಗಾಡಿಯ ಗಾಜಿಗೆ ಬಡಿದು ಸಾಯುವ ಹುಳುಗಳನ್ನು ಅವನೂ ಕಾಣುತ್ತಾನೆ. ಮಿಶ್ರ ಗಾಡಿ ನಿಧಾನಗತಿಯಲ್ಲಿ ವಿದ್ಯುತ್ತಿನಿಂದ ಓಡುವಾಗ ಸದ್ದೇ ಇರುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ೨೦೨೧ರಿಂದ ಇಂಥ ಎಲ್ಲ ಹೊಸ ಗಾಡಿಗಳೂ ಪಾದಚಾರಿಗಳಿಗೆ ಕೇಳುವಂತೆ ಕೃತಕ ಸದ್ದು ಮಾಡಬೇಕೆಂದು ನಿಯಮವಿದೆ. ಮಾನ್ವಿಯ ಪೇಟೆಯ ಓಣಿಯಲ್ಲಿ ನೆರಳಿಗೆ ಮಲಗಿದ ನಾಯಿಗಳೂ ಆಡಿನ ಮರಿಗಳೂ ಎಂಜಿನ್ನಿನ ಸದ್ದಿಗೇ ಏಳುವ ಅಭ್ಯಾಸದವು.

ಇಷ್ಟೆಲ್ಲ ವಿಚಾರದ ಮೇಲೂ, ಸತ್ಯ ಹೇಳಬೇಕೆಂದರೆ, ನನ್ನ ಮನಸ್ಸು ಗಾಡಿಯ ಕಡೆಗೇ ಇತ್ತು. ಟ್ರಸ್ಟಿನ ಸಭೆಗೆ ಆ ಗಾಡಿಯಲ್ಲಿ ಇಳಿಯುವ ಚಿತ್ರವೂ ಒಮ್ಮೊಮ್ಮೆ ಕಣ್ಣ ಮುಂದೆ ಬರುತ್ತಿತ್ತು. ಅಭಿಷೇಕದ ಸವಾಲು ಕೂಗುವಾಗ ಹೊರಗೆ ನಿಂತ ಗಾಡಿಗಳನ್ನು ನೋಡಿ ಯಾರ ಕಡೆ ಮೊದಲು ತಿರುಗಬೇಕೆಂದು ನಮ್ಮ ಸಂಸ್ಥೆಗಳಲ್ಲಿ ನಿರ್ಧರಿಸುವುದನ್ನು ಬಲ್ಲವರು ಬಲ್ಲರು.

ಆ ದಿ‌ನಗಳಲ್ಲಿ ಒಂದು ಬೆಳಗ್ಗೆ ದೇವದುರ್ಗಕ್ಕೆ ಹೋಗಿದ್ದೆ. ಅಲ್ಲಿಯ ರೈತರೊಬ್ಬರು, ನಮ್ಮ ಅಂಗಡಿಗೆ ತಂದೆಯವರ ಕಾಲದಿಂದ ಹತ್ತಿ ಹಾಕುವ ಮನೆಯವರು, ಚಹಾದಂಗಡಿಯ ಮುಂದೆ ಎದುರಾದರು. ಕ್ಷೇಮಸಮಾಚಾರವಾಯಿತು. ಅನಂತರ ಅವರು ಇನ್ನೋವಾದ ಕಡೆಗೆ ನೋಡಿ, “ಸಾವ್ಕಾರ್ರೆ, ಹೊಸ ಗಾಡಿ ತಗೊಳ್ಳಾಕತ್ತೀರಂತ. ಚಲೋ ಆತು. ನಮ್ಮ ಪಟ್ಟಿ ಆಗಿ ಹದಿನಾಕು ದಿನ ಆತ್ರಿ, ಅದನ್ನೂ ಒಂದೀಟು ನೋಡ್ರಿ” ಎಂದರು. ಅವರ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ನಮ್ಮ ಚಾಲಕನೂ ಅವರ ತಮ್ಮನೂ ಪರಿಚಿತರು. ಸುದ್ದಿ ಹಾಗೆ ಹೋಗಿತ್ತು.

ಪಟ್ಟಿಯ ಹಣ ತಡವಾದುದಕ್ಕೆ ನನ್ನ ಬಳಿ ಉತ್ತರವಿತ್ತು. ಖರೀದಿದಾರರಿಂದ ನಮಗೆ ಬರಬೇಕಾದದ್ದು ಬಂದಿರಲಿಲ್ಲ. ವ್ಯಾಪಾರದಲ್ಲಿ ಇದು ಇದ್ದದ್ದೇ. ಮೂವತ್ತೆರಡು ಲಕ್ಷ ಬೇರೆ ಠೇವಣಿಯಲ್ಲಿತ್ತು, ಅಂಗಡಿಯ ಹಣವಲ್ಲ. ಲೆಕ್ಕಪತ್ರದಲ್ಲಿ ಇವೆರಡೂ ಬೇರೆ ಬೇರೆ ಪುಟಗಳು. ಆದರೆ ಆ ರೈತರ ಮುಂದೆ ನಿಂತು ಪುಟಗಳ ಭೇದವನ್ನು ವಿವರಿಸಲು ನನಗೆ ಬಾಯಿ ಬರಲಿಲ್ಲ. ಪರಿಗ್ರಹವನ್ನು ನಾನು ಇಷ್ಟು ದಿನ ನನಗೂ ನನ್ನ ವಸ್ತುಗಳಿಗೂ ನಡುವಿನ ಸಂಬಂಧವೆಂದು ತಿಳಿದು ವಿಚಾರಿಸುತ್ತಿದ್ದೆ: ಎಷ್ಟು ಎಣಿಕೆ, ಎಷ್ಟು ಬೆಲೆ, ಎಷ್ಟು ಹೊಗೆ. ನನ್ನಲ್ಲಿ ಉಳಿದಿರುವ ಹಣ ಯಾರ ಮನೆಯಲ್ಲಿ ಇಲ್ಲವೆಂಬ ಪ್ರಶ್ನೆ ವಹಿಯ ಯಾವ ಪುಟದಲ್ಲಿಯೂ ಇರಲಿಲ್ಲ. ಎಡದಂಡೆ ಕಾಲುವೆಯ ಕೊನೆಯ ಭಾಗದ ಮಾನ್ವಿಯ ರೈತರಿಗೆ ನೀರು ತಡವಾಗಿ ಬಂದಾಗ, ಮೇಲಿನವರು ತಮ್ಮ ಹೊಲಕ್ಕೆ ಹೆಚ್ಚು ತಿರುಗಿಸಿಕೊಂಡರೆಂದು ನಾವೇ ಗಂಜಿನಲ್ಲಿ ಕುಳಿತು ಟೀಕಿಸುತ್ತೇವೆ. ಹಣದ ಕಾಲುವೆಯಲ್ಲಿ ನಾನು ಎಲ್ಲಿದ್ದೇನೆಂದು ಹಾಗೆ ಕುಳಿತಾಗ ನೆನೆದಿರಲಿಲ್ಲ.

ಮರುದಿನ ಠೇವಣಿಯ ಒಂದು ಭಾಗವನ್ನು ಮುರಿದು ಹಂಗಾಮಿನ ಬಾಕಿ ಪಟ್ಟಿಗಳನ್ನೆಲ್ಲ ತೀರಿಸಿದೆ. ಇದರಲ್ಲಿ ಔದಾರ್ಯವೇನೂ ಇಲ್ಲ. ತೂಕವಾದ ದಿನವೇ ಕೊಡಬೇಕಾಗಿದ್ದ ಹಣವನ್ನು ಎರಡು ವಾರ ತಡೆದು ಕೊಟ್ಟದ್ದು. ಖರೀದಿದಾರರ ಹಣ ಬಂದ ಮೇಲೆ ಗಾಡಿಯ ವಿಚಾರ ಮಾಡೋಣವೆಂದು ಮಗನಿಗೆ ತಿಳಿಸಿದೆ. ಅವನು ಬೇಸರಪಟ್ಟರೂ ಎದುರಾಡಲಿಲ್ಲ. ಹತ್ತು ದಿನಗಳಲ್ಲಿ ಮಧ್ಯವರ್ತಿಯ ಕರೆ ಬಂತು, ಗಾಡಿ ಬೇರೆಯವರಿಗೆ ಮಾರಾಟವಾಯಿತೆಂದು.

ಆ ಸುದ್ದಿ ಕೇಳಿ ನನಗಾದದ್ದು ಸಮಾಧಾನವಲ್ಲ, ನಷ್ಟ. ನನ್ನದೊಂದು ವಸ್ತುವನ್ನು ಯಾರೋ ಒಯ್ದಂತೆ. ಪರಿಗ್ರಹವೆಂದರೆ ಮೂರ್ಛೆ, ವಸ್ತು ಕೈಗೆ ಬರಲೇಬೇಕೆಂದಿಲ್ಲ ಎಂದು ಪಾಠಶಾಲೆಯಲ್ಲಿ ಕಲಿತದ್ದನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಆ ಲೆಕ್ಕದಲ್ಲಿ ಮೂರು ವಾರ ಆ ಗಾಡಿ ನಮ್ಮ ಮನೆಯಲ್ಲಿಯೇ ಇತ್ತು, ಇನ್ನೋವಾದ ಜೊತೆಗೆ. ವಾಹನ ಎರಡು.

ಇನ್ನೋವಾದ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿದೆವು. ತಂಪು ಯಂತ್ರವನ್ನೂ ಮುಂದಿನ ಸಸ್ಪೆನ್ಷನ್ನನ್ನೂ ದುರಸ್ತಿ ಮಾಡಿಸಿ, ಹಿಂದಿನ ಆಸನಕ್ಕೆ ತಾಯಿಯವರಿಗೆಂದು ಅರಳೆಯ ದಪ್ಪ ಹಾಸು ಹೊಲಿಸಿದೆವು. ಹೈದರಾಬಾದಿಗೆ ಹೋದ ದಿನ ಅಲ್ಲಿಯೇ ರಾತ್ರಿ ತಂಗಿ ಮರುದಿನ ಬರುವುದೆಂದಾಯಿತು. ಚಾಲಕನಿಗೂ ಒಂದು ಕೋಣೆ. ಹೊಗೆಯ ವಿಷಯದಲ್ಲಿ ನಾವು ಇದ್ದಲ್ಲಿಯೇ ಇದ್ದೇವೆ, ವರ್ಷಕ್ಕೆ ಮೂರು ಟನ್ನಿಗೂ ಮೇಲೆ. ಮಗ ಇದನ್ನು ಪ್ರತಿಸಲ ಬಂದಾಗಲೂ ನೆನಪಿಸುತ್ತಾನೆ, ನೆನಪಿಸಲಿ. ದೇವದುರ್ಗದ ಓಡಾಟವನ್ನು ವಾರಕ್ಕೆ ಒಂದಕ್ಕೆ ಇಳಿಸಿ, ಅದನ್ನು ವಹಿಯಲ್ಲಿ ತಂದೆಯವರ ಸಾಲಿನ ಕೆಳಗೆ ಬರೆದಿದ್ದೇನೆ.

ಕಳೆದ ತಿಂಗಳು ಶಕ್ತಿನಗರದ ಸೇತುವೆಯ ಮೇಲೆ ಅದೇ ಮಾದರಿಯ, ಅದೇ ಬಣ್ಣದ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. ತಾಯಿಯವರು ಹಿಂದೆ ನಿದ್ರಿಸುತ್ತಿದ್ದರು. ನಾನು ಮುಂದಕ್ಕೆ ಬಾಗಿ ಅದರ ನೋಂದಣಿಯ ಅಂಕಿಗಳನ್ನು ಓದಲು ಯತ್ನಿಸಿದೆ. ಚಾಲಕನೂ ಅದನ್ನೇ ಓದುತ್ತಿದ್ದನೆಂದು ಆಮೇಲೆ ತಿಳಿಯಿತು.